ಕಡಲ ಮೀನನ್ನು ಸಾಕುಮೀನಾಗಿಸುವ ಬಗೆ: ಸೀಬಾಸ್ ಕಲಿಸುವ ಪಾಠ

ಕುಮಟಾ, ಅಂಕೋಲಾ ಕಡೆಯ ಗಜನಿ ಭೂಮಿಯನ್ನು ನೋಡಿದವರಿಗೆ ಅಲ್ಲಿಯ ಬೇಸಾಯ ಕ್ರಮ ಗೊತ್ತಿದೆ. ಮಳೆಗಾಲದಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಬ್ಬರದ ನೀರನ್ನು ಗದ್ದೆಗೆ ಬಿಡುತ್ತಾರೆ. ನೀರಿನೊಡನೆ ಸಿಗಡಿ ಮತ್ತು ಮೀನಿನ ಮರಿಗಳು ಒಳಗೆ ಬಂದು, ಕೊಯ್ದ ಬುಡಗಳ ನಡುವೆ ಮೇಯ್ದು ಬೆಳೆಯುತ್ತವೆ. ಒಂದೇ ನೆಲದಲ್ಲಿ ವರ್ಷಕ್ಕೆ ಎರಡು ಬೆಳೆ.

ಆದರೆ ಈ ಎರಡು ಬೆಳೆಗಳ ನಡುವೆ ಒಂದು ದೊಡ್ಡ ಅಂತರವಿದೆ. ಕಗ್ಗದ ಬೀಜ ರೈತನ ಕಣಜದಲ್ಲಿರುತ್ತದೆ. ಮೀನಿನ ಬೀಜ ಕಡಲಿನ ಕೈಯಲ್ಲಿರುತ್ತದೆ. ಯಾವ ಜಾತಿ ಬರಬೇಕು, ಎಷ್ಟು ಬರಬೇಕು, ಯಾವಾಗ ಬರಬೇಕು ಎಂಬುದು ಒಂದೂ ರೈತನ ವಶದಲ್ಲಿಲ್ಲ. ಬೇಸಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಭತ್ತದಲ್ಲಿ ನಾವು ಕೃಷಿಕರು. ಮೀನಿನಲ್ಲಿ ಇನ್ನೂ ಬಹುಮಟ್ಟಿಗೆ ಕಾಡಿನ ಕಾಳು ಆರಿಸುವವರು. ಈ ಅಂತರವನ್ನು ಕಡಿಮೆ ಮಾಡುವ ಪ್ರಯತ್ನವೇ ಕಡಲ ಮೀನನ್ನು ಪಳಗಿಸುವ ಕೆಲಸ. ಅದು ಹೇಗೆ ನಡೆಯುತ್ತದೆ, ಎಲ್ಲಿ ತೊಡಕಾಗುತ್ತದೆ, ಅದರಿಂದ ನಮ್ಮ ಕರಾವಳಿಯ ರೈತರು ತಿಳಿಯಬೇಕಾದುದೇನು ಎಂಬುದನ್ನು ಸೀಬಾಸ್ ಎಂಬ ಒಂದು ಮೀನಿನ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಪಳಗಿಸುವುದೆಂದರೇನು?

ಮೀನನ್ನು ಹಿಡಿದು ಕೊಳದಲ್ಲಿಟ್ಟು ಮೇವು ಹಾಕಿದ ಮಾತ್ರಕ್ಕೆ ಅದು ಪಳಗಿದಂತಾಗುವುದಿಲ್ಲ. ಈ ಕೆಲಸದಲ್ಲಿ ನಾಲ್ಕು ಮೆಟ್ಟಿಲುಗಳಿವೆ.

ಮೊದಲನೆಯದು, ಕಡಲಿನಲ್ಲಿ ಹುಟ್ಟಿದ ಮರಿಗಳನ್ನು ಹಿಡಿದು ತಂದು ಬೆಳೆಸುವುದು. ಗಜನಿಯ ಮೀನು ಈ ಮೆಟ್ಟಿಲಿನದು.

ಎರಡನೆಯದು, ಕಡಲಿನಿಂದ ದೊಡ್ಡ ಮೀನುಗಳನ್ನು ತಂದು, ತೊಟ್ಟಿಯಲ್ಲಿ ಮೊಟ್ಟೆ ಇಡಿಸಿ, ಮರಿ ಪಡೆಯುವುದು.

ಮೂರನೆಯದು, ಹೀಗೆ ತೊಟ್ಟಿಯಲ್ಲಿ ಹುಟ್ಟಿದ ಮರಿಗಳೇ ಬೆಳೆದು ತಾಯಿತಂದೆಗಳಾಗಿ ಮತ್ತೆ ಮರಿ ಕೊಡುವುದು. ಇದನ್ನು ಜೀವನಚಕ್ರ ಮುಚ್ಚುವುದು ಎನ್ನುತ್ತಾರೆ. ಇಲ್ಲಿಂದ ಮುಂದೆ ಬೀಜಕ್ಕಾಗಿ ಕಡಲಿಗೆ ಹೋಗಬೇಕಾಗಿಲ್ಲ.

ನಾಲ್ಕನೆಯದು, ತಲೆಮಾರಿನಿಂದ ತಲೆಮಾರಿಗೆ ಒಳ್ಳೆಯ ಮೀನುಗಳನ್ನು ಆರಿಸಿ ತಳಿಯನ್ನು ಉತ್ತಮಪಡಿಸುವುದು. ಭತ್ತ, ರಾಗಿ, ಹಸು, ಕೋಳಿಗಳಲ್ಲಿ ನಮ್ಮ ಹಿರಿಯರು ಸಾವಿರಾರು ವರ್ಷ ಮಾಡಿದ ಕೆಲಸವಿದು.

ಒಳನಾಡಿನ ರೈತರಿಗೆ ಪರಿಚಯವಿರುವ ಕಾಟ್ಲಾ, ರೋಹು, ಮೃಗಾಲ್ ಗೆಂಡೆ ಮೀನುಗಳು ಇದೇ ದಾರಿಯಲ್ಲಿ ಬಂದವು. 1957ರವರೆಗೆ ಅವುಗಳ ಮರಿಗಳನ್ನು ನದಿಗಳಿಂದ ಹಿಡಿದು ತರಬೇಕಾಗಿತ್ತು. ಆ ವರ್ಷದ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಇಂದು ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಕಡಲ ಮೀನಿನಲ್ಲಿ ಇದೇ ಕೆಲಸ ಭಾರತದಲ್ಲಿ ಕೈಗೂಡಲು ಮುಂದೆ 40 ವರ್ಷ ಬೇಕಾಯಿತು. ಏಕೆ ಎಂಬುದನ್ನು ನೋಡೋಣ.

ಸೀಬಾಸ್ ಮೀನಿನ ಸ್ವಭಾವ

ಸೀಬಾಸನ್ನು ನಮ್ಮ ಕರಾವಳಿಯ ಕೆಲವೆಡೆ ಕುರುಡಿ ಎಂದು ಕರೆಯುತ್ತಾರೆ. ಇದು ಸಿಹಿನೀರು, ಚೌಳುನೀರು, ಕಡಲನೀರು ಮೂರರಲ್ಲಿಯೂ ಬದುಕಬಲ್ಲದು. ಆದರೆ ಮೊಟ್ಟೆ ಇಡುವುದು ಉಪ್ಪುನೀರಿನಲ್ಲಿ, ಅಳಿವೆಯ ಬಾಯಿಯ ಸುತ್ತಮುತ್ತ. ಮರಿಗಳು ಉಬ್ಬರದೊಡನೆ ಅಳಿವೆಯ ಒಳಗೆ, ಕೆಲವು ನದಿಯ ಮೇಲ್ಭಾಗಕ್ಕೂ ಬಂದು ಬೆಳೆಯುತ್ತವೆ. ದೊಡ್ಡವಾದ ಮೇಲೆ ಸಂತಾನಕ್ಕಾಗಿ ಮತ್ತೆ ಕಡಲ ಕಡೆಗೆ ಇಳಿಯುತ್ತವೆ.

ಈ ಮೀನಿನಲ್ಲಿ ಇನ್ನೊಂದು ವಿಶೇಷವಿದೆ. ಸಾಮಾನ್ಯವಾಗಿ ಅದು ಮೊದಲು ಗಂಡಾಗಿ ಪ್ರೌಢವಾಗುತ್ತದೆ. ಕೆಲವು ವರ್ಷಗಳ ನಂತರ, ಹಲವು ಕಿಲೋ ತೂಕ ಬಂದ ಮೇಲೆ, ಅದೇ ಮೀನು ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ತಾಯಿಮೀನು ಬೇಕಾದರೆ ವರ್ಷಗಟ್ಟಲೆ ಸಾಕಿ ಕಾಯಬೇಕು. ಕೋಳಿಮರಿ ಆರು ತಿಂಗಳಲ್ಲಿ ಮೊಟ್ಟೆಗೆ ಬರುವಂತೆ ಇಲ್ಲಿ ಅವಸರ ಸಾಗದು.

1970ರ ದಶಕದ ಆರಂಭದಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾ ಎಂಬಲ್ಲಿ ಈ ಮೀನಿನ ಮರಿ ಪಡೆಯುವ ಕೆಲಸ ಮೊದಲು ಕೈಗೂಡಿತು. ನಮ್ಮ ದೇಶದಲ್ಲಿ 1997ರಲ್ಲಿ ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯವರು ಇದನ್ನು ಸಾಧಿಸಿದರು. ಅನಂತರ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದಲ್ಲಿ 2010ರಲ್ಲಿ ಕೋಬಿಯಾ, 2011ರಲ್ಲಿ ಸಿಲ್ವರ್ ಪೊಂಪಾನೊ ಮೀನುಗಳಿಂದಲೂ ಮರಿ ಪಡೆಯಲಾಯಿತು.

ಮೊಟ್ಟೆ ಇಡಿಸುವುದು

ಬಂಧನದಲ್ಲಿರುವ ಹೆಣ್ಣು ಮೀನಿನಲ್ಲಿ ಮೊಟ್ಟೆ ಬೆಳೆಯುತ್ತದೆ. ಆದರೆ ಕೊನೆಯ ಹಂತಕ್ಕೆ ಹಣ್ಣಾಗಿ ಹೊರಬರಲು ಬೇಕಾದ ಪ್ರಚೋದನೆ ತೊಟ್ಟಿಯಲ್ಲಿ ಅನೇಕ ವೇಳೆ ಸಿಗುವುದಿಲ್ಲ. ಕಡಲಿನಲ್ಲಿ ಉಪ್ಪಿನಂಶ, ನೀರಿನ ಶಾಖ, ಅಮಾವಾಸ್ಯೆ ಹುಣ್ಣಿಮೆಗಳ ಭಾರಿ ಉಬ್ಬರ ಇವೆಲ್ಲ ಸೇರಿ ಆ ಪ್ರಚೋದನೆಯನ್ನು ಕೊಡುತ್ತವೆ. ತೊಟ್ಟಿಯಲ್ಲಿ ಅದರ ಬದಲಿಗೆ ಹಾರ್ಮೋನಿನ ಚುಚ್ಚುಮದ್ದು ಕೊಡಬೇಕಾಗುತ್ತದೆ.

ಚುಚ್ಚುವ ಮೊದಲು ಸಣ್ಣ ನಳಿಗೆಯಿಂದ ಕೆಲವು ಮೊಟ್ಟೆಗಳನ್ನು ಹೊರತೆಗೆದು ಅಳೆಯುತ್ತಾರೆ. ಮೊಟ್ಟೆಯ ಅಡ್ಡಳತೆ ಸುಮಾರು 0.45 ಮಿ.ಮೀ. ದಾಟಿರಬೇಕು. ಹಸಿ ಕಾಯಿಗೆ ಹೊಗೆ ಹಾಕಿದರೆ ಹಣ್ಣಾಗದು, ಇದೂ ಹಾಗೆಯೇ. ಚುಚ್ಚಿದ ಸುಮಾರು ಒಂದೂವರೆ ದಿನದೊಳಗೆ, ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿಯ ವೇಳೆ, ಮೀನು ಮೊಟ್ಟೆ ಇಡುತ್ತದೆ. ನೀರಿನ ಶಾಖ 27–28 ಡಿಗ್ರಿ ಇದ್ದಲ್ಲಿ 17–18 ಗಂಟೆಗಳಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ದೊಡ್ಡ ತಾಯಿಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ.

ಇಷ್ಟು ಮೊಟ್ಟೆಗಳಿರುವಾಗ ಮರಿಗೆ ಬರವೇಕೆ ಎಂದು ಕೇಳಬಹುದು. ಮೊಟ್ಟೆ ಇಡಿಸುವುದು ಅರ್ಧ ಕೆಲಸ ಮಾತ್ರ. ನಿಜವಾದ ಕಷ್ಟ ಮೂರನೆಯ ದಿನ ಆರಂಭವಾಗುತ್ತದೆ.

ಮರಿಯ ಬಾಯಿ ಮತ್ತು ಅದರ ಮೇವು

ಹೊಸದಾಗಿ ಹುಟ್ಟಿದ ಸೀಬಾಸ್ ಮರಿಯ ಉದ್ದ ಸುಮಾರು ಒಂದೂವರೆ ಮಿ.ಮೀ. ಹೊಟ್ಟೆಯಲ್ಲಿರುವ ಬಂಡಾರದ ಬುತ್ತಿ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹಿಡಿಸುವಷ್ಟು ಚಿಕ್ಕದಾದ, ಕಣ್ಣಿಗೆ ಕಾಣುವಂತೆ ಚಲಿಸುವ, ಜೀವಂತ ಆಹಾರ ಆ ಹೊತ್ತಿಗೆ ಎದುರಿನಲ್ಲೇ ಇರಬೇಕು. ಒಂದು ದಿನ ತಡವಾದರೂ ಮರಿಗಳು ಸೊರಗಿ ಸಾಯುತ್ತವೆ. ಹಿಂಡಿ ತೌಡಿನ ಪುಡಿಯನ್ನು ಅವು ಮುಟ್ಟುವುದೂ ಇಲ್ಲ, ಅರಗಿಸಿಕೊಳ್ಳುವ ಶಕ್ತಿಯೂ ಅವಕ್ಕಿಲ್ಲ.

ಈ ಗಂಟನ್ನು ಬಿಡಿಸಿದ್ದು ರೋಟಿಫರ್ ಎಂಬ ಸೂಕ್ಷ್ಮಜೀವಿ. 1960ರ ದಶಕದಿಂದ ಜಪಾನಿನಲ್ಲಿ ಇದನ್ನು ಕಡಲ ಮೀನಿನ ಮರಿಗಳಿಗೆ ಮೇವಾಗಿ ಬಳಸುವ ಕ್ರಮ ಬೆಳೆಯಿತು. ಇದರ ಗಾತ್ರ ಮಿಲಿಮೀಟರಿನ ಹತ್ತನೆಯ ಒಂದರಿಂದ ಮೂರು ಭಾಗ. ನಿಧಾನವಾಗಿ ಈಜುವುದರಿಂದ ಮರಿಯ ಬಾಯಿಗೆ ಸುಲಭವಾಗಿ ಸಿಗುತ್ತದೆ.

ರೋಟಿಫರಿಗೂ ಮೇವು ಬೇಕು. ಅದು ಹಸಿರು ಸೂಕ್ಷ್ಮಪಾಚಿಯನ್ನು ತಿನ್ನುತ್ತದೆ. ಪಾಚಿಗೆ ಗೊಬ್ಬರ ಬೇಕು. ದೊಡ್ಡ ತೊಟ್ಟಿಗಳಲ್ಲಿ ಪಾಚಿ ಬೆಳೆಸಲು ಒಂದು ಟನ್ ಕಡಲನೀರಿಗೆ 100 ಗ್ರಾಂ ಅಮೋನಿಯಂ ಸಲ್ಫೇಟ್, 10 ಗ್ರಾಂ ಸೂಪರ್ ಫಾಸ್ಫೇಟ್, 10 ಗ್ರಾಂ ಯೂರಿಯಾ ಹಾಕುವ ರೂಢಿಯಿದೆ. ನಮ್ಮ ಗೊಬ್ಬರದ ಅಂಗಡಿಯಲ್ಲಿ ಸಿಗುವ ಚೀಲಗಳೇ ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಹೀಗೆ ಮೀನುಮರಿ ಕೇಂದ್ರವೆಂದರೆ ಒಂದರ ಮೇಲೊಂದು ನಿಂತ ಮೂರು ಬೇಸಾಯ: ಗೊಬ್ಬರದಿಂದ ಪಾಚಿ, ಪಾಚಿಯಿಂದ ರೋಟಿಫರ್, ರೋಟಿಫರಿನಿಂದ ಮರಿ. ಹುಲ್ಲುಗಾವಲು, ಹಸು, ಕರು ಇದ್ದ ಹಾಗೆ. ಪಾಚಿಯ ತೊಟ್ಟಿ ಕೆಟ್ಟರೆ ವಾರದೊಳಗೆ ಮರಿಯ ತೊಟ್ಟಿ ಬರಿದಾಗುತ್ತದೆ.

ಮರಿ ಸ್ವಲ್ಪ ದೊಡ್ಡದಾದ ಮೇಲೆ ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಜೀವಿಯ ಮರಿಗಳನ್ನು ಕೊಡುತ್ತಾರೆ. ಇದರ ಒಣಗಿದ ತತ್ತಿಗಳು ಡಬ್ಬಿಯಲ್ಲಿ ದೊರೆಯುತ್ತವೆ. ಕಡಲನೀರಿಗೆ ಹಾಕಿದರೆ ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಆಮೇಲೆ ಹಂತಹಂತವಾಗಿ ತಯಾರಿಸಿದ ಗುಳಿಗೆ ಮೇವಿಗೆ ಒಗ್ಗಿಸುತ್ತಾರೆ.

ಹೊಟ್ಟೆ ತುಂಬಿದರೆ ಸಾಲದು. ಕಡಲ ಮೀನಿನ ಮರಿಗಳಿಗೆ ಕೆಲವು ವಿಶೇಷ ಕೊಬ್ಬಿನ ಆಮ್ಲಗಳು ಮೇವಿನಲ್ಲಿಯೇ ಸಿಗಬೇಕು. ಯೀಸ್ಟಿನಲ್ಲಿ ಬೆಳೆಸಿದ ರೋಟಿಫರಿನಲ್ಲಿ ಇವು ಕಡಿಮೆ. ಆದುದರಿಂದ ರೋಟಿಫರಿಗೆ ತಕ್ಕ ಪಾಚಿ ಅಥವಾ ಮೀನೆಣ್ಣೆಯ ಮಿಶ್ರಣ ತಿನ್ನಿಸಿ, ಆ ಮೇಲೆ ಮರಿಗೆ ಬಿಡುತ್ತಾರೆ. ಹಿಂದೆ ಮರಿಗಳು ಹೊಟ್ಟೆ ತುಂಬ ತಿಂದೂ ರಾಶಿರಾಶಿ ಸಾಯುತ್ತಿದ್ದುದಕ್ಕೆ ಈ ಕೊರತೆಯೂ ಒಂದು ಕಾರಣವಾಗಿತ್ತು.

ಒಂದು ಅನುಭವ

ಮರಿ ಬೆರಳುದ್ದವಾಗುವ ಹೊತ್ತಿಗೆ ಇನ್ನೊಂದು ತೊಂದರೆ ಎದುರಾಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಕೆಲವು ವರ್ಷಗಳ ಹಿಂದೆ, ಚೌಳು ಭೂಮಿಯ ಭತ್ತದ ಪ್ರಾತ್ಯಕ್ಷಿಕೆಗಾಗಿ ಕರಾವಳಿಯ ಒಂದು ಹಳ್ಳಿಗೆ ಹೋಗುತ್ತಿದ್ದೆ. ಅಲ್ಲಿಯ ಐದು ಮಂದಿ ಯುವಕರು ಸೇರಿ ಅಳಿವೆಯಲ್ಲಿ ಪಂಜರ ಕಟ್ಟಿ ಸೀಬಾಸ್ ಮರಿ ಬಿಟ್ಟಿದ್ದರು. ಒಬ್ಬರು ಮನೆಯ ಒಡವೆ ಅಡವಿಟ್ಟು ಪಾಲು ಹಾಕಿದ್ದರು. ಒಂದು ತಿಂಗಳಲ್ಲಿ ಮೂರು ಪಾಲು ಮರಿಗಳಲ್ಲಿ ಎರಡು ಪಾಲು ಕಾಣೆಯಾದವು. ಬಲೆ ಹರಿದಿರಲಿಲ್ಲ. ಸತ್ತ ಮೀನು ಒಂದೂ ತೇಲಿರಲಿಲ್ಲ. ಕಳವಾಗಿದೆ ಎಂದು ಅನುಮಾನ ಹುಟ್ಟಿತು. ರಾತ್ರಿ ಸರದಿಯ ಮೇಲೆ ಕಾವಲು ಕುಳಿತರು. ಕಾವಲಿದ್ದರೂ ಮರಿ ಕಡಿಮೆಯಾದಾಗ ಅನುಮಾನ ಕಾವಲುಗಾರನ ಮೇಲೆಯೇ ತಿರುಗಿತು. ಜೊತೆಯಲ್ಲಿ ಓದಿ ಬೆಳೆದವರು ಮಾತು ಬಿಟ್ಟರು.

ನನ್ನನ್ನು ಕೇಳಿದಾಗ ನಾನೂ ತಪ್ಪು ಸಲಹೆ ಕೊಟ್ಟೆ. ನೀರಿನ ದೋಷವಿರಬಹುದು, ಉಪ್ಪಿನಂಶ ಅಳೆಯೋಣ ಎಂದೆ. ಮುಂದಿನ ವಾರ ಮೀನುಗಾರಿಕೆ ವಿಷಯದ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ನೀರನ್ನು ಮುಟ್ಟಲಿಲ್ಲ. ಬಲೆ ಎತ್ತಿಸಿ, ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದ ಮರಿಯೊಂದನ್ನು ಹಿಡಿದು ಅದರ ಬಾಯಿ ತೆರೆದು ತೋರಿಸಿದರು. ಗಂಟಲಿನಲ್ಲಿ ಇನ್ನೊಂದು ಮರಿಯ ಬಾಲ ಕಾಣುತ್ತಿತ್ತು. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳ್ಳ ಪಂಜರದೊಳಗೇ ಇದ್ದ.

ಸೀಬಾಸ್ ಮರಿ ತನ್ನ ಉದ್ದದ ಸುಮಾರು ಮೂರನೆಯ ಎರಡು ಭಾಗದಷ್ಟು ಉದ್ದದ ಒಡಹುಟ್ಟನ್ನೂ ನುಂಗಬಲ್ಲದು. ಹಾಗಾಗಿ 6 ಸೆಂ.ಮೀ. ಮರಿಯ ಜೊತೆಯಲ್ಲಿ 4 ಸೆಂ.ಮೀ. ಮರಿ ಇದ್ದರೆ ಅದು ಮೇವೇ ಸರಿ. ಒಂದನ್ನು ನುಂಗಿದ್ದು ಇನ್ನಷ್ಟು ಬೇಗ ಬೆಳೆದು ನಾಳೆ ಮತ್ತೆರಡನ್ನು ನುಂಗುತ್ತದೆ. ಇದಕ್ಕೆ ಔಷಧಿಯಿಲ್ಲ. ಗಾತ್ರವಾರು ವಿಂಗಡಿಸುವುದೊಂದೇ ದಾರಿ. ಮರಿಗಳನ್ನು ಸಣ್ಣ ಕಣ್ಣಿನ ಬಲೆಯ ತೊಟ್ಟಿಲಿನಲ್ಲಿಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ದೊಡ್ಡದು, ನಡುವಣದು, ಸಣ್ಣದು ಎಂದು ಬೇರೆಮಾಡಬೇಕು. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಮೇವು ಕೊಡಬೇಕು. 8–10 ಸೆಂ.ಮೀ. ದಾಟಿದ ಮೇಲೆ ಈ ಕಾಟ ಬಹಳಷ್ಟು ತಗ್ಗುತ್ತದೆ. ಆ ಗುಂಪು ಮರುವರ್ಷ ಹೀಗೆ ಮಾಡಿ ಮೀನು ತೆಗೆಯಿತು. ಆದರೆ ಗುಂಪಿನಲ್ಲಿ ಆಗ ಉಳಿದಿದ್ದವರು ಮೂವರು. ತಿಳಿವಳಿಕೆಯ ಕೊರತೆಯಿಂದಾಗುವ ನಷ್ಟ ದುಡ್ಡಿನದು ಮಾತ್ರವಲ್ಲ ಎಂಬುದಕ್ಕಾಗಿ ಇದನ್ನು ಬರೆದೆ.

ಮೇವಿನ ಲೆಕ್ಕ

ಹಸು ಹುಲ್ಲು ತಿಂದು ಹಾಲು ಕೊಡುತ್ತದೆ. ಸೀಬಾಸ್ ಹುಲಿಯ ಜಾತಿಯದು, ಮಾಂಸಾಹಾರಿ. ಪಂಜರ ಕೃಷಿಕರು ಸಾಮಾನ್ಯವಾಗಿ ಅಗ್ಗದ ಬೂತಾಯಿ ಮುಂತಾದ ಮೀನನ್ನು ಕತ್ತರಿಸಿ ಹಾಕುತ್ತಾರೆ. ಹೀಗೆ ಮಾಡಿದಾಗ ಒಂದು ಕಿಲೋ ಸೀಬಾಸ್ ಬೆಳೆಯಲು ಐದಾರು ಕಿಲೋ ಹಸಿಮೀನು ಬೇಕಾಗುತ್ತದೆ. ಉತ್ತಮ ಗುಳಿಗೆ ಮೇವಾದರೆ ಎರಡು ಕಿಲೋ ಒಳಗೆ ಸಾಕು. 500 ಕಿಲೋ ಮೀನು ಬೆಳೆಯುವ ಪಂಜರಕ್ಕೆ ಲೆಕ್ಕ ಹಾಕಿ ನೋಡಿ: ಹಸಿಮೀನಾದರೆ ಸುಮಾರು 3,000 ಕಿಲೋ, ಗುಳಿಗೆಯಾದರೆ ಸುಮಾರು 1,000 ಕಿಲೋ. ಗುಳಿಗೆಯ ಕಿಲೋ ಬೆಲೆ ಹಸಿಮೀನಿನ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ಗುಳಿಗೆಯೇ ಅಗ್ಗ. ಕಿಲೋ ಬೆಲೆ ನೋಡಿ ಮೇವು ಕೊಳ್ಳಬಾರದು. ಬೆಳೆದ ಮೀನಿನ ಕಿಲೋಗೆ ತಗಲುವ ಮೇವಿನ ಬೆಲೆ ನೋಡಬೇಕು.

ಹಸಿಮೀನಿನ ಬಳಕೆಯಲ್ಲಿ ಇನ್ನೊಂದು ಮಾತೂ ಇದೆ. ಬೂತಾಯಿ ಬಡವರ ತಟ್ಟೆಯ ಮೀನು. ಅದನ್ನು ಉಣ್ಣುವವರಿಂದ ಕಿತ್ತು ದುಬಾರಿ ಮೀನಿಗೆ ಹಾಕುವುದು ಒಟ್ಟಾರೆ ಆಹಾರೋತ್ಪಾದನೆಯೆನಿಸದು. ಆದ್ದರಿಂದ ಗಜನಿ ಮತ್ತು ಚೌಳುಕೊಳಗಳಿಗೆ ಹೂಮೀನಿನಂಥ ಪಾಚಿ ಮೇಯುವ ಜಾತಿಯನ್ನೂ ಗಮನಿಸಬೇಕು. 2015ರಲ್ಲಿ ಚೆನ್ನೈನ ಅದೇ ಸಂಸ್ಥೆಯವರು ಭಾರತದಲ್ಲಿ ಮೊದಲ ಬಾರಿಗೆ ಬಂಧನದಲ್ಲಿ ಹೂಮೀನಿನ ಮರಿ ಪಡೆದಿದ್ದಾರೆ.

ನಾಲ್ಕನೆಯ ಮೆಟ್ಟಿಲು: ಆಯ್ಕೆ

ಜೀವನಚಕ್ರ ಮುಚ್ಚಿದ ಮೇಲೆ ತಳಿ ಸುಧಾರಣೆಯ ಬಾಗಿಲು ತೆರೆಯುತ್ತದೆ. ನಾರ್ವೆ ದೇಶದಲ್ಲಿ 1970ರ ದಶಕದ ಆರಂಭದಲ್ಲಿ ಸುಮಾರು 40 ನದಿಗಳ ಸಾಲ್ಮನ್ ಮೀನುಗಳನ್ನು ಒಟ್ಟುಗೂಡಿಸಿ ಆಯ್ಕೆ ಆರಂಭಿಸಿದರು. ಐದು ತಲೆಮಾರು ಕಳೆಯುವಾಗ ಆಯ್ಕೆಯ ಮೀನು ಕಾಡುಮೀನಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆಯತೊಡಗಿತು. ಕಿಲೋ ಬೆಳವಣಿಗೆಗೆ ತಿನ್ನುವ ಮೇವೂ ಕಡಿಮೆಯಾಯಿತು. ನಮ್ಮಲ್ಲಿ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯವರ ಸಹಕಾರದಿಂದ 1992ರಲ್ಲಿ ರೋಹುವಿನ ಆಯ್ಕೆ ಆರಂಭಿಸಿ 'ಜಯಂತಿ ರೋಹು' ತಳಿಯನ್ನು ಹೊರತಂದಿತು. ಅದರಲ್ಲಿ ಪ್ರತಿ ತಲೆಮಾರಿಗೆ ಸುಮಾರು ನೂರಕ್ಕೆ 17ರಷ್ಟು ಬೆಳವಣಿಗೆಯ ಲಾಭ ದೊರೆಯಿತು.

ಇಲ್ಲೊಂದು ಅಪಾಯವೂ ಇದೆ. ಒಂದೇ ತಾಯಿ ಲಕ್ಷಗಟ್ಟಲೆ ಮೊಟ್ಟೆ ಕೊಡುವುದರಿಂದ ಎರಡು ಮೂರು ಮೀನುಗಳಿಂದಲೇ ಒಂದು ತಾಲ್ಲೂಕಿಗೆ ಬೇಕಾದ ಮರಿ ಸಿಕ್ಕಿಬಿಡುತ್ತದೆ. ಆ ಮರಿಗಳೆಲ್ಲ ಒಡಹುಟ್ಟಿದವು. ಅವನ್ನೇ ಮುಂದಿನ ತಾಯಿತಂದೆಗಳಾಗಿ ಉಳಿಸಿಕೊಂಡರೆ ಒಳಸಂಬಂಧದಿಂದ ತಳಿ ಬೇಗ ಕುಗ್ಗುತ್ತದೆ. ಬೆಳವಣಿಗೆ, ರೋಗ ತಡೆಯುವ ಶಕ್ತಿ ಎರಡೂ ಇಳಿಯುತ್ತವೆ. ಒಂದೇ ತೆನೆಯ ಕಾಳಿನಿಂದ ವರ್ಷವರ್ಷ ಮೆಕ್ಕೆಜೋಳ ಬಿತ್ತಿದಂತೆ. ಆದುದರಿಂದ ಮರಿ ಕೇಂದ್ರಗಳು ಬೇರೆ ಬೇರೆ ಮೂಲದ ಸಾಕಷ್ಟು ತಾಯಿತಂದೆಗಳನ್ನು ಇಟ್ಟು, ಯಾವುದರ ಮರಿ ಯಾವುದು ಎಂಬ ದಾಖಲೆ ಇಡಬೇಕು. ಪಳಗಿದ ತಳಿಯು ಬಲೆ ಹರಿದು ಅಳಿವೆಗೆ ಸೇರಿದರೆ ಕಾಡುಮೀನಿನೊಡನೆ ಬೆರೆಯುವ ಸಂಭವವೂ ಇದೆ. ಕಡಲಿನ ಮೂಲ ಮೀನೇ ನಮ್ಮ ಬೀಜದ ಉಗ್ರಾಣ; ಅದನ್ನು ಕೆಡಿಸಿಕೊಳ್ಳಬಾರದು.

ರೈತರು ಗಮನಿಸಬೇಕಾದ ಅಂಶಗಳು

1. ಪಂಜರ ಅಥವಾ ಕೊಳ ಆರಂಭಿಸುವ ಮೊದಲು ಮೀನುಗಾರಿಕೆ ಇಲಾಖೆಯನ್ನು ಕಂಡು ಸ್ಥಳದ ಬಗ್ಗೆಯೂ ಅನುಮತಿಯ ಬಗ್ಗೆಯೂ ಕೇಳಿ ತಿಳಿಯಿರಿ.

2. ಅಳಿವೆಯಿಂದ ಹಿಡಿದ ಮರಿಗಿಂತ ಮರಿ ಕೇಂದ್ರದ ಮರಿ ಮೇಲು. ಒಂದೇ ವಯಸ್ಸಿನ, ಒಂದೇ ಗಾತ್ರದ ಮರಿ ಅಲ್ಲಿ ಮಾತ್ರ ಸಿಗುತ್ತದೆ.

3. ಮರಿ ಕೊಳ್ಳುವಾಗ ಗಾತ್ರ ಸಮನಾಗಿದೆಯೇ, ಗುಳಿಗೆ ಮೇವಿಗೆ ಒಗ್ಗಿದೆಯೇ, ನರಕ್ಕೆ ತಗಲುವ ನೋಡಾ ವೈರಸ್ ರೋಗದ ಪರೀಕ್ಷೆಯಾಗಿದೆಯೇ ಎಂದು ಕೇಳಿರಿ. ಸುತ್ತುತಿರುಗುತ್ತ ಈಜುವ ಮರಿಗಳನ್ನು ಕೊಳ್ಳಬೇಡಿ.

4. ಮರಿಯನ್ನು ತಂದೊಡನೆ ನೀರಿಗೆ ಸುರಿಯಬೇಡಿ. ಚೀಲದ ನೀರಿಗೆ ಅಳಿವೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಉಪ್ಪಿಗೂ ಶಾಖಕ್ಕೂ ಒಗ್ಗಿಸಿ, ತಂಪು ಹೊತ್ತಿನಲ್ಲಿ ಬಿಡಿ.

5. ಸಣ್ಣ ಮರಿಗಳನ್ನು 8–10 ಸೆಂ.ಮೀ. ಆಗುವವರೆಗೆ ಪ್ರತ್ಯೇಕವಾಗಿ ಸಾಕಿ, ತಪ್ಪದೆ ವಿಂಗಡಿಸಿ, ಅನಂತರ ಪಂಜರಕ್ಕೆ ಬಿಡಿ. ಪ್ರತಿ ಬಾರಿ ಎಣಿಸಿ ಪುಸ್ತಕದಲ್ಲಿ ಬರೆಯಿರಿ.

6. ಬಲೆಗೆ ಪಾಚಿ, ಚಿಪ್ಪು ಹಿಡಿದರೆ ನೀರಿನ ಹರಿವು ನಿಂತು ಮೀನಿಗೆ ಉಸಿರು ಕಟ್ಟುತ್ತದೆ. ಬದಲಿ ಬಲೆ ಯಾವಾಗಲೂ ಸಿದ್ಧವಿರಲಿ. ಬೆಳಗಿನ ಜಾವ ಮೀನು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಎಚ್ಚರಗೊಳ್ಳಿ.

7. ಮುಂಗಾರಿನ ನೆರೆ, ತೇಲಿಬರುವ ಮರಗಿಡಗಳು ಪಂಜರ ಮುರಿಯುತ್ತವೆ. ಮಾರುವ ಗಾತ್ರದ ಮೀನನ್ನು ಜೂನ್ ಒಳಗೆ ತೆಗೆಯುವಂತೆ ಮರಿ ಬಿಡುವ ಕಾಲವನ್ನು ಯೋಜಿಸಿಕೊಳ್ಳಿ.

ಸಾರಾಂಶ

ಕಡಲ ಮೀನನ್ನು ಪಳಗಿಸುವುದು ಬೀಜವನ್ನು ಕಡಲಿನ ಕೈಯಿಂದ ನಮ್ಮ ಕೈಗೆ ತರುವ ಕೆಲಸ. ಮೊಟ್ಟೆ ಇಡಿಸುವುದು, ಮರಿಗೆ ಜೀವಂತ ಮೇವು ಒದಗಿಸುವುದು, ಒಡಹುಟ್ಟನ್ನು ನುಂಗದಂತೆ ವಿಂಗಡಿಸುವುದು, ಒಳ್ಳೆಯದನ್ನು ಆರಿಸಿ ಉಳಿಸುವುದು ಇವು ಅದರ ಹಂತಗಳು. ಭತ್ತಕ್ಕೆ ಸಾವಿರಾರು ವರ್ಷ ಹಿಡಿದ ದಾರಿಯಲ್ಲಿ ಸೀಬಾಸ್ ಐವತ್ತು ವರ್ಷ ಮಾತ್ರ ನಡೆದಿದೆ. ಕಗ್ಗದ ಬೀಜವನ್ನು ತಲೆತಲಾಂತರ ಕಾಪಾಡಿಕೊಂಡು ಬಂದ ರೈತರಿಗೆ ಬೀಜದ ಬೆಲೆ ಬೇರೆ ಹೇಳಿಕೊಡಬೇಕಾಗಿಲ್ಲ. ಅದೇ ಎಚ್ಚರವನ್ನು ಮೀನಿನ ಮರಿಯ ವಿಷಯದಲ್ಲಿಯೂ ತೋರಿಸಿದರೆ ಗಜನಿಯ ಎರಡನೆಯ ಬೆಳೆಯೂ ನಮ್ಮದಾಗುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಮೀನನ್ನು ಪಳಗಿಸುವ ನಾಲ್ಕು ಮೆಟ್ಟಿಲುಗಳಾವುವು? ನಿಮ್ಮ ಊರಿನ ಮೀನು ಸಾಕಣೆ ಯಾವ ಮೆಟ್ಟಿಲಿನಲ್ಲಿದೆ?

2. ಸೀಬಾಸ್ ಮರಿಗೆ ಹುಟ್ಟಿದ ಮೂರನೆಯ ದಿನ ಏಕೆ ಗಂಡಾಂತರದ ದಿನ?

3. ಒಂದು ಪಂಜರದಲ್ಲಿ 9 ಸೆಂ.ಮೀ. ಮತ್ತು 5 ಸೆಂ.ಮೀ. ಮರಿಗಳು ಒಟ್ಟಿಗೆ ಇವೆ. ಏನಾಗಬಹುದು? ನೀವು ಏನು ಮಾಡುವಿರಿ?

4. ನಿಮ್ಮ ಊರಿನ ಇಂದಿನ ಬೆಲೆಯಲ್ಲಿ ಒಂದು ಕಿಲೋ ಸೀಬಾಸ್ ಬೆಳೆಯಲು ಹಸಿಮೀನಿಗೆ ಎಷ್ಟು, ಗುಳಿಗೆ ಮೇವಿಗೆ ಎಷ್ಟು ಖರ್ಚಾಗುತ್ತದೆ? ಲೆಕ್ಕ ಹಾಕಿರಿ.